ವೇಗ ಕೊಟ್ಟಾಗ ಮುಗ್ಗರಿಸುವ ಮೋಟಾರು

(ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಮಾತನಾಡಿದವರೆಲ್ಲ ಸಾಮಾನ್ಯವಾಗಿ ಕಾವ್ಯವನ್ನೋ ದಾಸರ ಪದಗಳನ್ನೋ ಊರಿನ ಇತಿಹಾಸವನ್ನೋ ಬಲ್ಲವರು. ನಾನಾದರೋ ಮುಂಬಯಿಯ ಗ್ಯಾರೇಜುಗಳಲ್ಲಿ ಸ್ಪ್ಯಾನರು ಹಿಡಿದು ಕೂದಲು ನರೆಸಿಕೊಂಡವನು. “ನಮ್ಮ ಸದಸ್ಯರಲ್ಲಿ ಗಾಡಿ ಓಡಿಸಿ ಸಂಸಾರ ಸಾಗಿಸುವವರಿದ್ದಾರೆ, ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಪೇಚಾಡುವ ಗುಮಾಸ್ತರಿದ್ದಾರೆ, ಅವರ ಪಾಲಿಗೂ ಒಂದು ಭಾನುವಾರವಿರಲಿ” ಎಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದರಿಂದ ಒಪ್ಪಿಕೊಂಡೆ. ಭಾಷೆಯಲ್ಲಿ ಗ್ಯಾರೇಜಿನ ಎಣ್ಣೆಜಿಡ್ಡು ಅಂಟಿದ್ದರೆ ಮನ್ನಿಸಬೇಕು.

ಇಂದು ನಾನು ಹೇಳಬೇಕೆಂದಿರುವುದು ಒಂದೇ ಕಾಯಿಲೆಯ ವಿಷಯ. ನಿಂತಲ್ಲಿ ಇಂಜಿನು ಜೇನುಹುಳುವಿನಂತೆ ಗುಂಯ್ಗುಡುತ್ತದೆ. ಸಮ ರಸ್ತೆಯಲ್ಲಿ ಹದವಾಗಿ ಹೋದರೂ ದೂರಿಲ್ಲ. ಆದರೆ ಮುಂದಿನ ಲಾರಿಯನ್ನು ದಾಟೋಣವೆಂದೋ ಸೇತುವೆಯ ಏರು ಹತ್ತೋಣವೆಂದೋ ಆಕ್ಸಿಲರೇಟರು ತುಳಿದಿರೋ, ಗಾಡಿ ಎಳೆಯುವ ಬದಲು ಕುಕ್ಕುತ್ತದೆ. ಒಮ್ಮೆ ಮುಂದಕ್ಕೆ ಜಿಗಿದು ಮತ್ತೊಮ್ಮೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಗ್ಯಾರೇಜಿನಲ್ಲಿ ಜರ್ಕು ಎನ್ನುತ್ತಾರೆ, ಮಿಸ್ಸಿಂಗು ಎನ್ನುತ್ತಾರೆ, ಪಿಕಪ್ ಇಲ್ಲ ಎನ್ನುತ್ತಾರೆ. ಖಂಡಾಲಾ ಘಾಟಿಯಲ್ಲಿ ಎದುರಿಗೆ ಬಸ್ಸು ಬರುತ್ತಿರುವಾಗ ಲಾರಿಯ ಪಕ್ಕದಲ್ಲಿ ಗಾಡಿ ಹೀಗೆ ಹಿಡಿದುಕೊಂಡರೆ ಪ್ರಾಣಕ್ಕೇ ಸಂಚಕಾರ. ಪ್ರಾಣ ಉಳಿದರೂ ಕಿಸೆ ಉಳಿಯುವುದು ಕಷ್ಟ. ಏಕೆಂದರೆ ಈ ಒಂದು ಲಕ್ಷಣಕ್ಕೆ ಹತ್ತಾರು ಕಾರಣಗಳು. ಒಬ್ಬೊಬ್ಬ ಮಿಸ್ತ್ರಿಗೆ ಒಂದೊಂದು ಕಾರಣದ ಮೇಲೆ ಪ್ರೀತಿ. ಅವರವರಿಗೆ ಪ್ರಿಯವಾದ ಸಾಮಾನನ್ನು ಅವರವರು ಬದಲಾಯಿಸುತ್ತ ಹೋಗುತ್ತಾರೆ, ಬಿಲ್ಲು ಕೊಡುವವರು ಮಾತ್ರ ನೀವೊಬ್ಬರೇ.

ನಮ್ಮ ಚಾಳಿನ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಕಂತಿನ ಮೇಲೆ ಕೊಂಡ ಸಿ.ಎನ್.ಜಿ. ಗಾಡಿಯನ್ನು ಬಾಡಿಗೆಗೆ ಓಡಿಸುವವನು. ಮಳೆಗಾಲ ಕಳೆದು ಒಂದು ತಿಂಗಳಾಗಿತ್ತು, ಗಾಡಿ ಫ್ಲೈಓವರಿನ ಏರಿನಲ್ಲಿ ಕುಕ್ಕಲಾರಂಭಿಸಿತು. ಗುಂಡಿ ಒತ್ತಿ ಪೆಟ್ರೋಲಿಗೆ ತಿರುಗಿಸಿದರೆ ಅದೇ ಏರನ್ನು ಸುಖವಾಗಿ ಹತ್ತುತ್ತದೆ, ಗ್ಯಾಸಿನಲ್ಲಿ ಮಾತ್ರ ಜರ್ಕು. ಮೊದಲ ಗ್ಯಾರೇಜಿನವರು ಗ್ಯಾಸಿನ ಫಿಲ್ಟರು ಬದಲಾಯಿಸಿದರು. ಎರಡನೆಯವರು ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರನ್ನು ಬಿಚ್ಚಿ ರಿಪೇರಿ ಮಾಡಿದರು. ಮೂರನೆಯವರು ಗ್ಯಾಸಿನ ಇಂಜೆಕ್ಟರುಗಳನ್ನೇ ಹೊಸದಾಗಿ ಹಾಕಿದರು. ಹದಿನಾಲ್ಕು ಸಾವಿರ ರೂಪಾಯಿ ಹೋಯಿತು, ಜರ್ಕು ಹೋಗಲಿಲ್ಲ. ಆ ತಿಂಗಳು ಗಾಡಿಯ ಕಂತು ತಪ್ಪಿತು, ಊರಿಗೆ ತಾಯಿಗೆ ಹಣ ಹೋಗಲಿಲ್ಲ. ಕೊನೆಗೆ ಒಂದು ರಾತ್ರಿ ಬಂದು, “ಮಾಮ, ಗಾಡಿಯನ್ನು ಬಂದ ಬೆಲೆಗೆ ಮಾರಿಬಿಡಲೇ?” ಎಂದು ಕೇಳಿದ. ಆಮೇಲೇನಾಯಿತೆಂಬುದನ್ನು ತಡೆದು ಹೇಳುತ್ತೇನೆ. ಅದಕ್ಕೆ ಮುಂಚೆ ಇಂಜಿನಿನ ಸ್ವಭಾವ ಸ್ವಲ್ಪ ತಿಳಿಯಬೇಕು.

ಇಂಜಿನಿಗೆ ಬೇಕಾದವು ಮೂರು: ಗಾಳಿ, ಇಂಧನ, ಕಿಡಿ. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಮಿಶ್ರಣವನ್ನು ಸಿಲಿಂಡರಿನಲ್ಲಿ ಒತ್ತಿ, ಸರಿಯಾದ ಕ್ಷಣದಲ್ಲಿ ಪ್ಲಗ್ಗಿನ ಕಿಡಿಯಿಂದ ಹೊತ್ತಿಸಬೇಕು. ನಾಲ್ಕು ಸಿಲಿಂಡರಿನ ಇಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರು ಸೆಕೆಂಡಿಗೆ 25 ಸಲ, ನಾಲ್ಕೂ ಸೇರಿ 100 ಸಲ ಹೊತ್ತಬೇಕು. ಇವುಗಳಲ್ಲಿ ಕೆಲವು ತಪ್ಪಿದವೆಂದರೆ ಅದೇ ಜರ್ಕು.

ಹಾಗಾದರೆ ನಿಂತಲ್ಲಿ ಏಕೆ ತಪ್ಪುವುದಿಲ್ಲ? ಇದು ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ. ಮೊಣಕಾಲು ನೋವಿರುವವನು ಬರಿಗೈಯಲ್ಲಿ ಅಂಗಳದಲ್ಲಿ ತಿರುಗಾಡಿದರೆ ನೋವು ತಿಳಿಯದು. ಅಕ್ಕಿಮೂಟೆ ಹೊತ್ತು ಚಾಳಿನ ಮೂರನೆಯ ಮಹಡಿ ಹತ್ತಿದಾಗ ತಿಳಿಯುತ್ತದೆ. ನೀವು ಕಾಲೆತ್ತಿರುವಾಗ ಸಿಲಿಂಡರಿನೊಳಕ್ಕೆ ಹೋಗುವ ಗಾಳಿ ಅತ್ಯಲ್ಪ, ಅಲ್ಲಿನ ಒತ್ತಡವೂ ಕಡಿಮೆ, ದುರ್ಬಲವಾದ ಕಿಡಿಯೂ ಪ್ಲಗ್ಗಿನ ಸಂದನ್ನು ದಾಟಿಬಿಡುತ್ತದೆ. ತುಳಿದಾಗ ಸಿಲಿಂಡರು ತುಂಬುತ್ತದೆ, ಒತ್ತಡ ಏರುತ್ತದೆ, ಅದೇ ಸಂದನ್ನು ದಾಟಲು ಕಿಡಿಗೆ ಬಹಳ ಹೆಚ್ಚಿನ ವೋಲ್ಟು ಬೇಕಾಗುತ್ತದೆ. ಇಂಧನದ ಬೇಡಿಕೆಯೂ ಅದೇ ಕ್ಷಣದಲ್ಲಿ ಹೆಚ್ಚುತ್ತದೆ. ಆದುದರಿಂದ ಗ್ಯಾರೇಜಿನ ಮುಂದೆ ನಿಲ್ಲಿಸಿ ಬಾನೆಟ್ಟು ಎತ್ತಿ “ಇಂಜಿನು ಚೆನ್ನಾಗಿದೆಯಲ್ಲ!” ಎನ್ನುವ ಮಿಸ್ತ್ರಿಯ ಮಾತಿಗೆ ಈ ಕಾಯಿಲೆಯಲ್ಲಿ ಬೆಲೆಯಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ಹತ್ತಿಸಿ ತೋರಿಸಬೇಕು.

ಗ್ಯಾರೇಜಿಗೆ ಹೋಗುವ ಮೊದಲು ನೀವೇ ಮಾಡಬೇಕಾದ ಕೆಲಸವೊಂದಿದೆ. ಎರಡು ದಿನ ಒಂದು ಸಣ್ಣ ನೋಟುಬುಕ್ಕನ್ನು ಗಾಡಿಯಲ್ಲಿಟ್ಟುಕೊಳ್ಳಿ. ಜರ್ಕು ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಮೆಲ್ಲಗೆ ತುಳಿದಾಗಲೂ ಉಂಟೋ, ಜೋರಾಗಿ ತುಳಿದಾಗ ಮಾತ್ರವೋ? ತುಳಿದ ಮೊದಲ ಕ್ಷಣ ಮಾತ್ರವೋ, ತುಳಿದಿರುವಷ್ಟು ಹೊತ್ತೂ ಇರುತ್ತದೆಯೋ? ಎಷ್ಟನೆಯ ಗೇರು? ಮಳೆ ಬಂದ ದಿನ ಹೆಚ್ಚೋ? ಪೆಟ್ರೋಲು ಹಾಕಿಸಿದ ಮೇಲೆ ಶುರುವಾಯಿತೋ, ಸರ್ವಿಸಿಗೆ ಬಿಟ್ಟು ತಂದ ಮೇಲೋ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಏರ್ ಫಿಲ್ಟರು ತೆಗೆದು ಹಾಕಿದವರು ರಬ್ಬರು ಕೊಳವೆಯ ಕ್ಲಿಪ್ಪನ್ನು ಬಿಗಿ ಮಾಡದೆ ಬಿಟ್ಟರೆ ಅಂದಿನಿಂದಲೇ ಜರ್ಕು ಶುರುವಾಗಬಹುದು. ಬರೆದುಕೊಂಡು ಹೋದ ಗಿರಾಕಿಗೆ ಮಿಸ್ತ್ರಿಯೂ ಸ್ವಲ್ಪ ಹೆದರುತ್ತಾನೆ, ಇದು ನಮ್ಮ ಕಸುಬಿನ ಗುಟ್ಟು.

ಹಾಗೆಯೇ ಮೊದಲು ಡ್ರೈವರನ್ನೇ ಪರೀಕ್ಷಿಸಬೇಕು. ಯಾರೂ ಬೇಸರ ಮಾಡಿಕೊಳ್ಳಬಾರದು. ನಾಲ್ಕನೆಯ ಗೇರಿನಲ್ಲಿ 25 ಕಿಲೋಮೀಟರು ವೇಗದಲ್ಲಿ ಏರು ಹತ್ತಿಸಹೋದರೆ ಎಂಥ ಹೊಸ ಗಾಡಿಯೂ ಕುಕ್ಕುತ್ತದೆ. ಪೆಟ್ರೋಲು ಉಳಿಸುವ ಆಸೆಯಿಂದ ಇದನ್ನು ಅಭ್ಯಾಸ ಮಾಡಿಕೊಂಡವರು ಬಹಳ. ಗೇರು ಇಳಿಸಿದೊಡನೆ ಜರ್ಕು ಮಾಯವಾದರೆ ಗಾಡಿಗೆ ಔಷಧ ಬೇಕಿಲ್ಲ.

ಇಂಜಿನಿಗೆ ಸಂಬಂಧವೇ ಇಲ್ಲದ ಕುಕ್ಕಾಟವೂ ಉಂಟು. ನಿಂತಲ್ಲಿಂದ ಹೊರಡುವಾಗ, ಕ್ಲಚ್ಚು ಬಿಡುತ್ತಿರುವಷ್ಟು ಹೊತ್ತು ಮಾತ್ರ ಗಾಡಿ ಅದುರಿದರೆ ಕ್ಲಚ್ಚಿನ ಪ್ಲೇಟನ್ನೂ ಇಂಜಿನಿನ ಮೌಂಟಿಂಗನ್ನೂ ನೋಡಬೇಕು. ಇನ್ನು ಕೆಲವು ಗಾಡಿಗಳು ತುಳಿದಾಗ ಎಡಕ್ಕೂ ಬಲಕ್ಕೂ ಓಲಾಡಿದಂತೆ ನಡುಗಿ, ಕಾಲೆತ್ತಿದೊಡನೆ ಶಾಂತವಾಗುತ್ತವೆ. ಅದು ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲಿನ ಒಳಗಿನ ಜಾಯಿಂಟು ಸವೆದ ಗುರುತು. ಮಿಸ್ಸಿಂಗಿನ ಕುಕ್ಕು ಹಿಂದಕ್ಕೂ ಮುಂದಕ್ಕೂ ಇರುತ್ತದೆ, ಕಿವಿಗೂ ಕೇಳಿಸುತ್ತದೆ. ಇಂಜಿನಿನ ಸ್ವರ ತಾಳ ತಪ್ಪುತ್ತದೆ.

ಈಗ ಕಿಡಿಯ ವಿಷಯ. ನಾನು ಕೆಲಸ ಕಲಿತದ್ದು ಪದ್ಮಿನಿ ಟ್ಯಾಕ್ಸಿಗಳ ಮೇಲೆ. ಮುಂಬಯಿಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರುಷದ ಅವಧಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆಯಿಂದ ಇಳಿಯಿತು. ಅದರಂಥ ಕಾರ್ಬುರೇಟರು ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟು, ಕಂಡೆನ್ಸರು ಎಲ್ಲವೂ ಕಣ್ಣೆದುರು. ಪಾಯಿಂಟನ್ನು ಉಜ್ಜಿ, ಸಂದು ಸರಿಮಾಡಿ, ಟೈಮಿಂಗು ಕೂರಿಸಿದರೆ ಅರ್ಧ ಜರ್ಕುಗಳು ಹೋಗುತ್ತಿದ್ದವು. ತುಳಿದ ಮೊದಲ ಕ್ಷಣ ಮಾತ್ರ ಹಿಡಿದುಕೊಂಡು ಆಮೇಲೆ ಸರಿಹೋದರೆ ಕಾರ್ಬುರೇಟರಿನ ಪುಟ್ಟ ಪಂಪಿನ ಚರ್ಮವೋ ರಬ್ಬರೋ ಒಣಗಿದೆಯೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಇಂದಿನ ಗಾಡಿಗಳಲ್ಲಿ ಇವೊಂದೂ ಇಲ್ಲ. ಅನೇಕ ಗಾಡಿಗಳಲ್ಲಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲು ಕೂತಿರುತ್ತದೆ. ಆದರೆ ಕೆಲಸ ಬದಲಾಗಿಲ್ಲ: ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಸಂದನ್ನು ಹಾರಿಸುವುದು.

ಪ್ಲಗ್ಗು ಸವೆದಂತೆ ಸಂದು ಅಗಲವಾಗುತ್ತದೆ, ಕಾಯಿಲಿನ ಮೇಲೆ ಹೊರೆ ಹೆಚ್ಚುತ್ತದೆ. ಆ ವಿದ್ಯುತ್ತಿಗೆ ಸಂದನ್ನು ಹಾರುವುದು ಕಷ್ಟವಾದರೆ ಅದು ಸುಮ್ಮನಿರುವುದಿಲ್ಲ. ಸುಲಭವಾದ ಬೇರೆ ದಾರಿ ಹುಡುಕುತ್ತದೆ. ಕಾಯಿಲಿನ ರಬ್ಬರು ಗೊಳವೆ ಸೀಳಿದ್ದರೆ, ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕಿದ್ದರೆ, ಅಲ್ಲಿಂದ ಇಂಜಿನಿನ ಮೈಗೆ ಸೋರಿಹೋಗುತ್ತದೆ. ಒಮ್ಮೆ ಸೋರಿದ ಜಾಗದಲ್ಲಿ ಪೆನ್ಸಿಲು ಗೆರೆಯಂಥ ಕರಿಯ ಜಾಡು ಬೀಳುತ್ತದೆ. ಆ ಗೆರೆಯನ್ನು ಕಣ್ಣಿಟ್ಟು ಹುಡುಕಬೇಕು. ಮುಂಬಯಿಯ ಮಳೆಗಾಲದಲ್ಲಿ, ಅದಕ್ಕಿಂತ ಹೆಚ್ಚಾಗಿ ಇಂಜಿನನ್ನು ನೀರಿನ ಪೈಪಿನಿಂದ ತೊಳೆಸಿದ ಮೇಲೆ, ಪ್ಲಗ್ಗು ಕೂತಿರುವ ಗುಂಡಿಯಲ್ಲಿ ನೀರು ನಿಂತು ಇದೇ ತೊಂದರೆ ಕೊಡುತ್ತದೆ. ಹಳೆಯ ಮಾದರಿಯ ಉದ್ದನೆಯ ಪ್ಲಗ್ ವಯರುಗಳಿರುವ ಗಾಡಿಯಾದರೆ ರಾತ್ರಿ ಕತ್ತಲೆಯಲ್ಲಿ ಇಂಜಿನು ನಡೆಸಿ, ದೂರದಿಂದ ನೀರಿನ ತುಂತುರು ಹೊಡೆದು ನೋಡಿ. ಸೋರುವ ವಯರು ನೀಲಿ ಕಿಡಿ ಹಾರಿಸಿ ತಾನೇ ತನ್ನನ್ನು ತೋರಿಸಿಕೊಡುತ್ತದೆ. ಕೈಯಿಂದ ಮಾತ್ರ ಮುಟ್ಟಬಾರದು. ನಡೆಯುತ್ತಿರುವ ಇಂಜಿನಿನ ಪ್ಲಗ್ ವಯರನ್ನು ಕಿತ್ತು ಪರೀಕ್ಷಿಸುವ ನಮ್ಮ ಹಳೆಯ ಚಾಳಿಯನ್ನು ಇಂದಿನ ಗಾಡಿಗಳಲ್ಲಿ ಬಿಡಬೇಕು, ಅದರಿಂದ ಕಾಯಿಲೂ ಕಂಪ್ಯೂಟರೂ ಸುಡಬಹುದು.

ಪ್ಲಗ್ಗು ಬಿಚ್ಚಿದಾಗ ಎಸೆಯಬೇಡಿ, ಓದಿ. ತುದಿ ತೆಳುಗಂದಾಗಿದ್ದರೆ ಆರೋಗ್ಯ. ಒಣ ಕಾಡಿಗೆಯಂತೆ ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿದೆ ಇಲ್ಲವೆ ಕಿಡಿ ಸೋತಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತಿದೆ, ಅದು ದೊಡ್ಡ ಖರ್ಚಿನ ಮುನ್ಸೂಚನೆ. ಸುಣ್ಣ ಬಳಿದಂತೆ ಬೆಳ್ಳಗಾಗಿದ್ದರೆ ಇಂಧನ ಸಾಲದು, ಅಥವಾ ತೀರ ಬಿಸಿಯಾಗುತ್ತಿದೆ. ನಾಲ್ಕರಲ್ಲಿ ಒಂದೇ ಬೇರೆ ಬಣ್ಣವಾಗಿದ್ದರೆ ಕಾಯಿಲೆ ಆ ಒಂದು ಸಿಲಿಂಡರಿನದು. ನಾಲ್ಕೂ ಒಂದೇ ಬಣ್ಣಗೆಟ್ಟಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಪಂಪು, ಫಿಲ್ಟರು, ಗಾಳಿಯ ಕಡೆ ತಿರುಗಬೇಕು.

ಇಂಧನದ ಜರ್ಕಿನ ಗುಣ ಬೇರೆ. ಕಿಡಿ ತಪ್ಪಿದಾಗ ಪೆಟ್ಟು ಚುರುಕಾಗಿ, ಥಟ್ಟೆಂದು ಬೀಳುತ್ತದೆ. ಪೆಟ್ರೋಲು ಸಾಲದಾದಾಗ ಗಾಡಿ ಏರಿನಲ್ಲಿ ಸ್ವಲ್ಪ ದೂರ ಎಳೆದು, ಆಮೇಲೆ ಉಸಿರು ಕಟ್ಟಿದಂತೆ ಸೋಲುತ್ತದೆ. ಕಾಲು ಸಡಿಲಿಸಿದರೆ ಚೇತರಿಸಿಕೊಳ್ಳುತ್ತದೆ. ಫಿಲ್ಟರು ಕಟ್ಟಿದ್ದರೆ, ಪಂಪು ದುರ್ಬಲವಾಗಿದ್ದರೆ ಹೀಗೆಯೇ. ಊಹಿಸುವ ಅಗತ್ಯವಿಲ್ಲ, ಪೆಟ್ರೋಲಿನ ಒತ್ತಡ ಅಳೆಯುವ ಗೇಜು ಇದೆ. ಗಾಡಿ ತುಳಿದಾಗ ಒತ್ತಡ ಕುಸಿಯುತ್ತದೆಯೇ ಎಂದು ನೋಡಿ ಆಮೇಲೆ ಪಂಪಿಗೆ ಹಣ ಕೊಡಿ. ಪೆಟ್ರೋಲು ಪೈಪಿನಲ್ಲಿ ಒತ್ತಡವಿರುವುದರಿಂದ ಈ ಕೆಲಸವನ್ನು ಬಲ್ಲವರ ಕೈಯಲ್ಲೇ ಮಾಡಿಸಬೇಕು, ಬೀಡಿ ಸೇದುವವರು ದೂರ ಹೋಗಬೇಕು.

ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿಯೇ ಮುಳುಗಿರುತ್ತದೆ, ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ. ದಿನವೂ ಇನ್ನೂರು ರೂಪಾಯಿಯದೇ ಹಾಕಿಸಿ ಮುಳ್ಳು ಸದಾ ಕೆಂಪಿನಲ್ಲಿರುವಂತೆ ಓಡಿಸಿದರೆ ಪಂಪಿನ ಆಯುಸ್ಸು ಕಡಿಮೆ. ಗ್ಯಾಸಿನ ಗಾಡಿಯವರದು ಇನ್ನೊಂದು ಅವಸ್ಥೆ: ತಳದಲ್ಲಿ ಎರಡು ಲೀಟರು ಪೆಟ್ರೋಲು ಆರು ತಿಂಗಳಿಂದ ಹಳಸುತ್ತ ಬಿದ್ದಿರುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಇಥನಾಲು ಬೆರೆಸುವ ಪ್ರಮಾಣ 2025ರಲ್ಲಿ ನೂರಕ್ಕೆ ಇಪ್ಪತ್ತಕ್ಕೆ ಮುಟ್ಟಿತು. ಇಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣವಿದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ತಳಕ್ಕಿಳಿಯುತ್ತವೆ, ಪಂಪು ಹೀರುವುದೋ ತಳದಿಂದಲೇ. ಹಳೆಯ ಟ್ಯಾಂಕಿನ ಕೊಳೆಯನ್ನು ಅದು ಸಡಿಲಿಸಿ ಫಿಲ್ಟರಿಗೆ ತಂದು ತುಂಬುವುದೂ ಉಂಟು. ಆದುದರಿಂದ ಹಳೆಯ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಊರಿಂದ ಬಂದೊಡನೆ ಎಳೆಯಹೋಗಿ ಜರ್ಕು ಕಂಡರೆ ಮೊದಲು ಟ್ಯಾಂಕನ್ನು ಸಂಶಯಿಸಿ.

ಗಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಿಲ್ಟರಿನ ಆಚೆ ಇಂಜಿನಿಗೆ ಹೋಗುವ ರಬ್ಬರು ಕೊಳವೆಯ ಮಡಿಕೆಗಳನ್ನು ಕೈಯಿಂದ ಬಿಡಿಸಿ ನೋಡಿ. ನಿಂತಾಗ ಮುಚ್ಚಿಕೊಂಡಿರುವ ಸೀಳು, ತುಳಿದಾಗ ಇಂಜಿನು ವಾಲುವುದರಿಂದ ಬಾಯಿ ತೆರೆಯುತ್ತದೆ. ಸೋರಿಕೆ ಹುಡುಕಲು ಬಿಸಿ ಇಂಜಿನಿನ ಮೇಲೆ ಪೆಟ್ರೋಲು ಚಿಮುಕಿಸುವ ಮಹಾಶೂರರನ್ನು ನಾನು ಕಂಡಿದ್ದೇನೆ, ಅವರಲ್ಲೊಬ್ಬರ ಹುಬ್ಬು ಸುಟ್ಟದ್ದನ್ನೂ ಕಂಡಿದ್ದೇನೆ. ಪೆಡಲನ್ನು ಒಂದು ಖಚಿತ ಮಟ್ಟಕ್ಕೆ ಒತ್ತಿದಾಗಲೆಲ್ಲ, ಯಾವ ಗೇರಿನಲ್ಲಾದರೂ, ಅದೇ ಜಾಗದಲ್ಲಿ ಜರ್ಕು ಬಂದರೆ ಪೆಡಲಿನ ಅಥವಾ ಥ್ರಾಟಲಿನ ಸೆನ್ಸರು ಆ ಜಾಗದಲ್ಲಿ ಸವೆದಿರಬಹುದು.

ಇನ್ನು ಹಳದಿ ದೀಪ. ಇಂಜಿನಿನ ಚಿತ್ರವಿರುವ ಆ ದೀಪ ಸ್ಥಿರವಾಗಿ ಉರಿದರೆ ಗಾಡಿಯನ್ನು ಮೆಲ್ಲಗೆ ಗ್ಯಾರೇಜಿಗೆ ಒಯ್ಯಬಹುದು. ಜರ್ಕು ಹೊಡೆಯುತ್ತ ದೀಪವೂ ಮಿಣುಕುತ್ತಿದ್ದರೆ ಕಾಲೆತ್ತಿ ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಹೊಗೆ ಶುದ್ಧಿಯ ಪೆಟ್ಟಿಗೆಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸಿಬಿಡಬಹುದು; ಆ ಪೆಟ್ಟಿಗೆಯ ಬೆಲೆ ಹತ್ತು ಕಾಯಿಲುಗಳ ಬೆಲೆಗಿಂತ ಹೆಚ್ಚಾಗಬಹುದು. ಸ್ಕ್ಯಾನರು ಹಾಕಿದರೆ ಕಂಪ್ಯೂಟರು ಒಂದು ಸಂಖ್ಯೆ ಕೊಡುತ್ತದೆ. ಪಿ 0300 ಎಂದರೆ ಯಾವುದೋ ಕೆಲವು ಸಿಲಿಂಡರುಗಳು ತಪ್ಪುತ್ತಿವೆ. ಪಿ 0301 ಎಂದರೆ ಒಂದನೆಯದು, ಪಿ 0304 ಎಂದರೆ ನಾಲ್ಕನೆಯದು. ಪಿ 0171 ಎಂದರೆ ಗಾಳಿಗೆ ತಕ್ಕಷ್ಟು ಇಂಧನವಿಲ್ಲ. ಗಮನಿಸಿ, ಸ್ಕ್ಯಾನರು ಎಲ್ಲಿ ನೋವೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಮೂರನೆಯ ಸಿಲಿಂಡರು ತಪ್ಪುತ್ತಿದೆ ಎಂದರೆ ಪ್ಲಗ್ಗು, ಕಾಯಿಲು, ಇಂಜೆಕ್ಟರು, ವಾಲ್ವು ಯಾವುದೂ ಇರಬಹುದು.

ಈಗ ಹುಡುಗನ ಗಾಡಿಗೆ ಬರೋಣ. ಸ್ಕ್ಯಾನರು ಹಾಕಿದೆ, ಪಿ 0303 ಬಂತು; ಅಂದರೆ ಮೂರನೆಯ ಸಿಲಿಂಡರು. ಗ್ಯಾಸಿನ ರೆಡ್ಯೂಸರೋ ಫಿಲ್ಟರೋ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರುಗಳು ಉಪವಾಸ ಬೀಳಬೇಕಾಗಿತ್ತು, ಒಂದಕ್ಕೇ ಏಕೆ? ಮೂರನೆಯದರ ಗ್ಯಾಸ್ ಇಂಜೆಕ್ಟರು ಹೊಸದು. ಉಳಿದದ್ದು ಕಿಡಿ. “ಆದರೆ ಮಾಮ, ಪೆಟ್ರೋಲಿನಲ್ಲಿ ಚೆನ್ನಾಗಿ ಎಳೆಯುತ್ತದಲ್ಲ, ಕಿಡಿ ಕೆಟ್ಟಿದ್ದರೆ ಅದರಲ್ಲೂ ತಪ್ಪಬೇಡವೇ?” ಎಂದ. ಒಳ್ಳೆಯ ಪ್ರಶ್ನೆ, ಮೂರು ಗ್ಯಾರೇಜುಗಳೂ ಎಡವಿದ್ದು ಇಲ್ಲಿಯೇ. ಗ್ಯಾಸು ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸಲು ಪೆಟ್ರೋಲಿನ ಮಿಶ್ರಣಕ್ಕಿಂತ ಹೆಚ್ಚಿನ ವೋಲ್ಟು ಬೇಕು. ಅರೆಜೀವದ ಕಾಯಿಲು ಪೆಟ್ರೋಲನ್ನು ಹೇಗೋ ಹೊತ್ತಿಸುತ್ತದೆ, ಏರಿನಲ್ಲಿ ಗ್ಯಾಸನ್ನು ಹೊತ್ತಿಸಲಾರದೆ ಸೋಲುತ್ತದೆ. ಹೀಗೆ ಕಿಡಿಯ ತಪ್ಪು ಗ್ಯಾಸಿನ ತಲೆಗೆ ಬಂದಿತ್ತು.

ನನ್ನದೂ ಅಲ್ಲಿಯವರೆಗೆ ಊಹೆಯೇ. ಅದನ್ನು ಪರೀಕ್ಷಿಸಲು ಹೊಸ ಸಾಮಾನು ಕೊಳ್ಳಬೇಕಾಗಿರಲಿಲ್ಲ. ಇಂಜಿನು ಆರಿಸಿ, ಮೂರನೆಯ ಕಾಯಿಲನ್ನು ಎರಡನೆಯ ಪ್ಲಗ್ಗಿನ ಮೇಲೂ ಎರಡನೆಯದನ್ನು ಮೂರನೆಯದರ ಮೇಲೂ ಅದಲುಬದಲು ಮಾಡಿ ಕೂರಿಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಹಳೆಯ ಸಂಖ್ಯೆಯನ್ನು ಅಳಿಸಿ, ಗ್ಯಾಸಿನಲ್ಲಿ ಅದೇ ಫ್ಲೈಓವರನ್ನು ಹತ್ತಿಸಿದೆವು. ಜರ್ಕು ಬಂತು. ಸ್ಕ್ಯಾನರು ನೋಡಿದರೆ ಪಿ 0302. ಕಾಯಿಲೆ ಕಾಯಿಲಿನ ಜೊತೆಯಲ್ಲಿಯೇ ಮೂರರಿಂದ ಎರಡಕ್ಕೆ ನಡೆದುಹೋಗಿತ್ತು! ಸಂಖ್ಯೆ ಮೂರರಲ್ಲೇ ಉಳಿದಿದ್ದರೆ ಪ್ಲಗ್ಗುಗಳನ್ನು ಅದಲುಬದಲು ಮಾಡುತ್ತಿದ್ದೆ; ಆಗಲೂ ಕದಲದಿದ್ದರೆ ಆ ಸಿಲಿಂಡರಿನ ಕಂಪ್ರೆಶನ್ನು ಅಳೆಯುತ್ತಿದ್ದೆ. ಕಾಯಿಲನ್ನು ದೀಪದ ಕೆಳಗೆ ತಿರುಗಿಸಿ ನೋಡಿದೆವು. ರಬ್ಬರು ಗೊಳವೆಯ ಒಳಮೈಯಲ್ಲಿ ನಾನು ಹೇಳಿದ ಆ ಪೆನ್ಸಿಲು ಗೆರೆ. ಮಳೆಗಾಲದ ನೀರು ಮಾಡಿದ ಕೆಲಸ. ಹೊಸ ಕಾಯಿಲಿಗೆ ಅವನ ಎರಡು ದಿನದ ದುಡಿಮೆಗಿಂತ ಹೆಚ್ಚಾಗಲಿಲ್ಲ. ನಾಲ್ಕು ಪ್ಲಗ್ಗುಗಳನ್ನೂ, ಕೈಪಿಡಿಯಲ್ಲಿ ಗ್ಯಾಸಿಗೆ ಹೇಳಿರುವ ಸಂದಿಗೆ ನೋಡಿ, ಅಂದೇ ಹಾಕಿದೆವು. ಗಾಡಿ ಈಗಲೂ ಅವನದೇ.

ಮೂರು ಗ್ಯಾರೇಜಿನವರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತು ಅವಸರಪಡಿಸುತ್ತಾನೆ, ಸಾಮಾನು ಬದಲಾಯಿಸಿದರೆ ಬಿಲ್ಲಾಗುತ್ತದೆ, ಒಂದು ಗಂಟೆ ಯೋಚಿಸಿದ್ದಕ್ಕೆ ಯಾರೂ ಹಣ ಕೊಡುವುದಿಲ್ಲ. ಆದುದರಿಂದ ನೀವು ಹೋದಾಗ “ಪರೀಕ್ಷೆಗೆ ಎಷ್ಟು ತೆಗೆದುಕೊಳ್ಳುತ್ತೀರಿ?” ಎಂದು ಮೊದಲೇ ಕೇಳಿ, ಅದಕ್ಕೆ ಪ್ರತ್ಯೇಕವಾಗಿ ಹಣ ಕೊಡಿ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಗಲಿ; ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೂ ತಿಳಿಯದು. ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಇಂಜಿನನ್ನು ತೊಳೆಸುವಾಗ ಪ್ಲಗ್ಗುಗಳ ಕಡೆಗೆ ನೀರು ಬಿಡಬೇಡಿರೆಂದು ನಿಂತು ಹೇಳಿ.

ನನ್ನ ಬಳಿ ಒಂದು ಸಣ್ಣ ಸ್ಕ್ಯಾನರಿದೆ. ಕಾರ್ಯದರ್ಶಿಗಳ ಅನುಮತಿಯಿಂದ ಅದನ್ನು ಬರುವ ಭಾನುವಾರದಿಂದ ವಾಚನಾಲಯದ ಬೀರುವಿನಲ್ಲಿ ಇಡುತ್ತೇನೆ. ಪುಸ್ತಕ ಪಡೆಯುವಂತೆಯೇ ವಹಿಯಲ್ಲಿ ಸಹಿ ಮಾಡಿ ಒಯ್ಯಬಹುದು, ಮೂರು ದಿನದೊಳಗೆ ಹಿಂದಿರುಗಿಸಬೇಕು. ಬರುವಾಗ ಯಾವ ಸಂಖ್ಯೆ ಬಂತು, ಯಾವ ಏರಿನಲ್ಲಿ, ಗಾಡಿ ಬಿಸಿಯೋ ತಣ್ಣಗೋ ಎಂಬುದನ್ನು ಜೊತೆಗಿರುವ ನೋಟುಬುಕ್ಕಿನಲ್ಲಿ ಬರೆದಿಡಿ. ನಿಮ್ಮ ನಂತರ ಒಯ್ಯುವವರಿಗೆ ಬೇಕಾಗುತ್ತದೆ.